ಚೀಟಿಯ ವ್ಯಾಟ್, ಕಿರಣದ ವ್ಯಾಟ್

ಲೇಸರ್ ಕೆತ್ತನೆ ಯಂತ್ರ ಕೊಳ್ಳುವವರು ಮೊದಲು ಕೇಳುವ ಪ್ರಶ್ನೆ ‘ಎಷ್ಟು ವ್ಯಾಟ್?’ ಎಂಬುದು. ಮಾರುವವರು ಹೇಳಿದ ಅಂಕಿಯನ್ನು ಆಮೇಲೆ ಒರೆಗೆ ಹಚ್ಚುವವರು ಮಾತ್ರ ವಿರಳ. ಕೆತ್ತನೆಯನ್ನು ಕಲೆಯೆಂದು ಪ್ರೀತಿಸುವವರು ಇಷ್ಟಕ್ಕೇ ಬಿಡಬಾರದು. ನಾಮಫಲಕದ ಅಕ್ಷರದ ಆಳ, ತೇಗದ ಹಲಗೆಯಲ್ಲಿ ಮೂಡುವ ಮುಖದ ನೆರಳು ಬೆಳಕು, ಎಲ್ಲವೂ ಮರದ ಮೇಲೆ ನಿಜಕ್ಕೂ ಬೀಳುವ ಶಾಖವನ್ನೇ ನೆಚ್ಚಿಕೊಂಡಿವೆ.

ಪೆಟ್ಟಿಗೆಯ ಮೇಲೆ 40 ವ್ಯಾಟ್ ಎಂದು ಬರೆದ ಡಯೋಡ್ ಯಂತ್ರದಿಂದ 5 ವ್ಯಾಟ್ ಬೆಳಕಷ್ಟೇ ಹೊರಬರುವುದುಂಟು. ದೊಡ್ಡ ಅಂಕಿ ಅದು ಎಳೆಯುವ ವಿದ್ಯುತ್ತಿನದು. ಗಾಜಿನ ಟ್ಯೂಬಿನ ಕಾರ್ಬನ್ ಡೈಆಕ್ಸೈಡ್ ಲೇಸರಿನಲ್ಲೂ ಹೀಗೇ: 40 ವ್ಯಾಟ್ ಎಂದು ಮಾರುವ ಟ್ಯೂಬು 70 ಸೆಂ.ಮೀ. ಉದ್ದವಿದ್ದರೆ 30–35 ವ್ಯಾಟ್ ಎಂದೇ ಲೆಕ್ಕ ಹಾಕಿಕೊಳ್ಳಿ. ಈ ಲೇಸರನ್ನು 1964ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ರೂಪಿಸಿದವರು ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿದ ಸಿ. ಕುಮಾರ್ ಪಟೇಲ್. ಆ ದಶಕದ ಪ್ರಯೋಗಶಾಲೆಗಳಲ್ಲಿ ಮಾಣಿಕ್ಯದ ಲೇಸರುಗಳ ಬಲವನ್ನು ‘ಜಿಲೆಟ್’ ಲೆಕ್ಕದಲ್ಲಿ ಹೇಳುತ್ತಿದ್ದರು: ಒಂದು ಹೊಡೆತಕ್ಕೆ ಎಷ್ಟು ಶೇವಿಂಗ್ ಬ್ಲೇಡು ತೂತಾಯಿತು ಎಂದು.

ನಮಗೆ ಬ್ಲೇಡು ಬೇಡ, 100 ಗ್ರಾಂ ಅಲ್ಯೂಮಿನಿಯಂ ತುಂಡು ಸಾಕು. ಒಂದು ಗ್ರಾಂ ಅಲ್ಯೂಮಿನಿಯಂ ಒಂದು ಡಿಗ್ರಿ ಬಿಸಿಯಾಗಲು ಸುಮಾರು 0.9 ಜೂಲ್ ಬೇಕು. ತುಂಡಿಗೆ 90 ಜೂಲ್. ಕಿರಣವನ್ನು 30 ಸೆಕೆಂಡು ಬಿಟ್ಟಾಗ ಅದು 10 ಡಿಗ್ರಿ ಏರಿದರೆ 900 ಜೂಲ್, ಅಂದರೆ 30 ವ್ಯಾಟ್. ಹೊಳೆಯುವ ಅಲ್ಯೂಮಿನಿಯಂ ಈ ಕಿರಣವನ್ನು ಬಹುಪಾಲು ವಾಪಸ್ ಎಸೆಯುತ್ತದೆ. ಆದ್ದರಿಂದ ತುಂಡಿನ ಮುಖಕ್ಕೆ ಬೈಕ್ ಸೈಲೆನ್ಸರಿಗೆ ಬಳಿಯುವ, ಶಾಖ ತಡೆಯುವ ಕಪ್ಪು ಬಣ್ಣ ಬೇಕು. ತುಂಡಿನ ಬದಿಯಲ್ಲಿ ತೂತು ಕೊರೆದು ಥರ್ಮಾಮೀಟರಿನ ಕಡ್ಡಿ ಇಡಿ. ಕಿರಣ ನಿಂತ ಮೇಲೆ ಶಾಖ ತುಂಡಿನ ತುಂಬ ಹರಡುವವರೆಗೆ ಕಾದು, ಏರಿದ ಗರಿಷ್ಠ ಅಂಕಿ ಬರೆದುಕೊಳ್ಳಿ. ಯಂತ್ರದ ಬಾಗಿಲು ಮುಚ್ಚಿಯೇ ಇರಲಿ, ಕಾರ್ಬನ್ ಡೈಆಕ್ಸೈಡ್ ಲೇಸರಿನ 10.6 ಮೈಕ್ರಾನ್ ಕಿರಣ ಕಣ್ಣಿಗೆ ಕಾಣುವುದಿಲ್ಲ, ಆದರೆ ಕಣ್ಣನ್ನು ಸುಡುತ್ತದೆ.

ಈ ಲೆಕ್ಕದಲ್ಲಿ ಎರಡು ಸೋರಿಕೆಗಳಿವೆ. ತುಂಡು ಗಾಳಿಗೆ ಶಾಖ ಬಿಟ್ಟುಕೊಡುತ್ತದೆ, ಬಣ್ಣವೂ ಎಲ್ಲ ಕಿರಣವನ್ನು ಹೀರುವುದಿಲ್ಲ. ಗಾಳಿಗೆ ಹೋಗುವ ಶಾಖಕ್ಕೆ 19ನೇ ಶತಮಾನದ ಕೊನೆಯ ಭೌತವಿಜ್ಞಾನಿಗಳು ಕಂಡುಕೊಂಡ ಉಪಾಯ ನನಗೆ ಇಂದಿಗೂ ಬೆರಗು: ಬೆಳಕಿನ ಶಾಖವನ್ನು ವಿದ್ಯುತ್ತಿನ ಶಾಖದೊಡನೆ ತೂಗಿ ನೋಡುವುದು. ತುಂಡಿನ ಹಿಂಬದಿಗೆ 10 ಓಮಿನ ಎರಡು ರೆಸಿಸ್ಟರುಗಳನ್ನು ಸಮಾಂತರವಾಗಿ ಕೂರಿಸಿ 12 ವೋಲ್ಟ್ ಕೊಟ್ಟರೆ 2.4 ಆಂಪಿಯರ್, ಅಂದರೆ 28.8 ವ್ಯಾಟ್. ಅಷ್ಟೇ ಸೆಕೆಂಡು ಹರಿಸಿ, ಈ ಏರಿಕೆಯನ್ನು ಕಿರಣದ ಏರಿಕೆಯೊಡನೆ ಹೋಲಿಸಿ ನೋಡಿ. ಎರಡು ಸಲವೂ ಗಾಳಿ ಕದಿಯುವ ಪಾಲು ಹೆಚ್ಚುಕಡಿಮೆ ಒಂದೇ ಆದ್ದರಿಂದ ಅದು ತೂಕದಿಂದ ಬಿದ್ದುಹೋಗುತ್ತದೆ. ತುಂಡಿನ ತೂಕ, ಲೋಹದ ಶುದ್ಧತೆ ಯಾವುದೂ ಗೊತ್ತಿರಬೇಕಿಲ್ಲ. ದುಬಾರಿ ಪವರ್ ಮೀಟರು ಮಾಡುವ ಕೆಲಸದ ಬಹುಭಾಗ ಹೀಗೆ ಕೈಗೆ ಸಿಗುತ್ತದೆ. ಬಣ್ಣ ಹೀರದೆ ಬಿಟ್ಟ ಪಾಲು ಮಾತ್ರ ಉಳಿಯುತ್ತದೆ. ಹಾಗಾಗಿ ನಿಜದ ಅಂಕಿ ನಿಮ್ಮ ಅಳತೆಗಿಂತ ತುಸು ಮೇಲೆಯೇ.

ಒಮ್ಮೆ ಅಳೆದರೆ ಮುಗಿಯಲಿಲ್ಲ. ಜವನಗೊಂಡನಹಳ್ಳಿಯಂಥ ಬಿಸಿಲ ಊರಿನಲ್ಲಿ ಏಪ್ರಿಲ್ ಮಧ್ಯಾಹ್ನ ಟ್ಯೂಬು ತಂಪಾಗಿಸುವ ಬಕೆಟ್ಟಿನ ನೀರು 30 ಡಿಗ್ರಿ ದಾಟುತ್ತದೆ. ಅನಿಲ ಬಿಸಿಯಾದಾಗ ಅಣುಗಳು ಲೇಸರಿನ ಕೆಳಹಂತದಲ್ಲೇ ತುಂಬಿಕೊಂಡು ಬಲ ಇಳಿಯುತ್ತದೆ. ಬೆಳಗ್ಗೆ ಕಪ್ಪಗೆ ಬಂದ ಅಕ್ಷರ ಸಂಜೆ ಕಂದಾಗುವುದಕ್ಕೆ ಮರವನ್ನು ದೂರಿ ಫಲವಿಲ್ಲ. ಗಡಸು ಬೋರ್‌ವೆಲ್ ನೀರು ಬಿಟ್ಟು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತುಂಬಿ. ಟ್ಯೂಬಿನ ಒಳಗೆ 15 ಸಾವಿರ ವೋಲ್ಟಿಗೂ ಮಿಕ್ಕಿದ ವಿದ್ಯುತ್ತಿದೆ, ಉಪ್ಪುನೀರು ಅದಕ್ಕೆ ದಾರಿ ಕೊಡುತ್ತದೆ. ಬೇಸಿಗೆಯಲ್ಲಿ ನೀರು ತಂಪಾಗಿಸುವ ಚಿಲ್ಲರ್ ಇಲ್ಲದೆ ನಾಜೂಕಿನ ಕೆಲಸ ಒಪ್ಪಿಕೊಳ್ಳಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಇನ್ನು ಜಾಗ. ಟ್ಯೂಬಿನ ಬಾಯಲ್ಲಿ ಒಮ್ಮೆ, ಲೆನ್ಸಿನ ಕೆಳಗೆ ಕಿರಣ ಮತ್ತೆ ಅಗಲವಾಗುವಷ್ಟು ದೂರದಲ್ಲಿ ಇನ್ನೊಮ್ಮೆ ಅಳೆಯಿರಿ. ಮೂರು ಕನ್ನಡಿ, ಒಂದು ಲೆನ್ಸು ದಾಟುವಾಗ ಒಂದಿಷ್ಟು ಕಳೆದುಹೋಗುವುದು ಸಹಜ. ಬಾಯಲ್ಲಿ 32 ಇದ್ದದ್ದು ಕೆಳಗೆ 20ಕ್ಕೆ ಇಳಿದಿದ್ದರೆ ಹೊಸ ಟ್ಯೂಬಿಗೆ ದುಡ್ಡು ಕಟ್ಟುವ ಮುಂಚೆ ಕನ್ನಡಿಗಳ ಹೊಗೆಯನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಕಿರಣ ಲೆನ್ಸಿನ ನಡುವೆಯೇ ಬೀಳುತ್ತಿದೆಯೇ ನೋಡಿ.