ಅಡಗಿ ಕೂತವರು ಆಳಿದವರಲ್ಲ

‘ಅಸ್ಯಾಸಿನ್ಸ್ ಕ್ರೀಡ್ ಕ್ರಾನಿಕಲ್ಸ್: ಇಂಡಿಯಾ’ ಎಂಬ ವಿಡಿಯೊ ಗೇಮಿನಲ್ಲಿ ಎಲ್ಲಕ್ಕಿಂತ ಹೆಚ್ಚು ಮೆಚ್ಚಬೇಕಾದದ್ದು ಅದು ಅಂಕ ಕೊಡುವ ರೀತಿ. ಬ್ರಿಟನ್ನಿನ ಕ್ಲೈಮ್ಯಾಕ್ಸ್ ಸ್ಟುಡಿಯೋಸ್ ರೂಪಿಸಿ, ಫ್ರಾನ್ಸಿನ ಯೂಬಿಸಾಫ್ಟ್ ಕಂಪನಿ 2016ರ ಜನವರಿಯಲ್ಲಿ ಹೊರತಂದ ಈ ಆಟ 1841ರ ಪಂಜಾಬಿನಲ್ಲಿ ನಡೆಯುತ್ತದೆ. ನಾಯಕ ಅರ್ಬಾಜ್ ಮೀರ್‌ನ ಸೊಂಟದಲ್ಲಿ ತಲವಾರ್ ಇದೆ, ಆದರೆ ಅದನ್ನು ಹಿರಿದಷ್ಟೂ ಅಂಕ ಕಡಿಮೆ. ಎದುರಾದವರನ್ನು ಹೊಡೆದುರುಳಿಸಿ ಮುಂದೆ ಹೋಗುವವನಿಗೆ ಕಡಿಮೆ ದರ್ಜೆ, ಸದ್ದಿಲ್ಲದೆ ಕೊಂದು ಹೋಗುವವನಿಗೆ ಅದಕ್ಕಿಂತ ಮೇಲಿನದು. ಯಾರ ಕಣ್ಣಿಗೂ ಬೀಳದೆ, ಯಾರ ಮೈಯನ್ನೂ ಮುಟ್ಟದೆ ನೆರಳಿನ ಹಾಗೆ ದಾಟಿದವನಿಗೆ ಎಲ್ಲಕ್ಕಿಂತ ಮೇಲಿನದು. ಕಾವಲುಗಾರನ ನೋಟ ಎಲ್ಲಿಯವರೆಗೆ ಮುಟ್ಟುತ್ತದೆ ಎಂಬುದು ತೆರೆಯ ಮೇಲೆ ಬೆಳಕಿನ ಪಟ್ಟಿಯಾಗಿ ಕಾಣುತ್ತದೆ. ಕಂಬದ ಮರೆಯಲ್ಲಿ ನಿಂತು ಒಂದು ಸಿಳ್ಳೆ ಹಾಕಿದರೆ ಅವನು ಸದ್ದು ಬಂದ ಕಡೆ ತಿರುಗಿ ನಾಲ್ಕು ಹೆಜ್ಜೆ ಬರುತ್ತಾನೆ. ಅವನು ಸಂಶಯಪಟ್ಟು ನೋಡುವ ಆ ಹೊತ್ತಿನಲ್ಲಿ ಆಟಗಾರ ಬಾಗಿಲ ಸಂದಿಗೆ ಸರಿಯಬೇಕು, ಅವನು ವಾಪಸಾಗುವವರೆಗೆ ಬೆರಳು ಅಲ್ಲಾಡಿಸದೆ ಕಾಯಬೇಕು. ಹೊಡೆದಾಟವನ್ನೇ ಶೌರ್ಯವೆಂದು ಮಾರುವ ಆಟಗಳ ನಡುವೆ, ಕಾಯುವುದನ್ನು ಕಲಿಸುವ ಆಟ ಅಪರೂಪ. ಬಲ ಕಡಿಮೆ ಇದ್ದವನ ಯುದ್ಧ ಹೇಗಿರುತ್ತದೆ ಎಂಬುದನ್ನು ಅದು ಮಾತಿನಲ್ಲಿ ಹೇಳದೆ ಕೈಗೇ ಕಲಿಸುತ್ತದೆ.

ಚಿತ್ರಗಾರಿಕೆಯೂ ಚೆನ್ನಾಗಿದೆ. ಮದರಂಗಿಯ ಎಳೆಗಳಂಥ ವಿನ್ಯಾಸ, ಗಾಢವಾದ ಬಣ್ಣ. ಮುಂದಿನ ಓಣಿ ಮತ್ತು ಹಿಂದಿನ ಅಂಗಳ ಎಂಬ ಎರಡು ಪದರಗಳ ನಡುವೆ ಹಾಯುವ ಅನುಕೂಲ. ಗೋಡೆಗೆ ಬಡಿದು ದಿಕ್ಕು ಬದಲಿಸುವ ಸಿಖ್ಖರ ಚಕ್ರಾಯುಧವನ್ನು ಬಳಸಲು ಲೆಕ್ಕ ಬೇಕು, ಲೆಕ್ಕ ಸರಿಹೋದಾಗ ಸಿಗುವ ಸಂತೋಷ ನಿಜವಾದದ್ದು. ಆದರೆ ನಡುನಡುವೆ ಈ ತಾಳ್ಮೆಯನ್ನೆಲ್ಲ ಗಾಳಿಗೆ ತೂರಿ, ಗಡಿಯಾರದ ಮುಳ್ಳಿನ ಎದುರು ಓಡಿಸುವ ಹಂತಗಳು ಬರುತ್ತವೆ. ನೋಡಿ ನಡೆ ಎಂದು ಕಲಿಸಿದ ಆಟವೇ ನೋಡದೆ ಓಡು ಎನ್ನುತ್ತದೆ. ಎಡವಿದರೆ ಮತ್ತೆ ಮೊದಲಿನಿಂದ ಓಡಬೇಕು. ಬೇಸರ ತರುವ ಭಾಗವಿದು. ಆದರೆ ಆಟದ ದೊಡ್ಡ ದೋಷ ಇದಲ್ಲ, ಅದು ಕಥೆಯಲ್ಲಿದೆ.

ಕಥೆಯ ಪ್ರಕಾರ ಪಂಜಾಬಿನ ಮೇಲೆ ಕಣ್ಣಿಟ್ಟವರು ಟೆಂಪ್ಲರ್ ಎಂಬ ಗುಪ್ತಸಂಘದವರು. ಅವರಿಗೆ ಬೇಕಾದದ್ದು ಕೊಹಿನೂರ್ ವಜ್ರ ಮತ್ತು ಒಂದು ಪುರಾತನ ಪೆಟ್ಟಿಗೆ. ವಿಲಿಯಂ ಸ್ಲೀಮನ್ ಮತ್ತು ಅಲೆಕ್ಸಾಂಡರ್ ಬರ್ನ್ಸ್ ಎಂಬ ಇಬ್ಬರು ನಿಜವಾದ ಅಧಿಕಾರಿಗಳನ್ನು ಆ ಸಂಘದ ಸದಸ್ಯರನ್ನಾಗಿ ಮಾಡಲಾಗಿದೆ. ನನ್ನ ತಕರಾರು ಇಲ್ಲಿಂದ ಶುರು. ಈಸ್ಟ್ ಇಂಡಿಯಾ ಕಂಪನಿ ಈ ದೇಶಕ್ಕೆ ಮಾಡಿದ ಕೇಡಿನಲ್ಲಿ ಹೆಚ್ಚಿನದನ್ನು ಕತ್ತಲಲ್ಲಿ ಮಾಡಲಿಲ್ಲ, ಹಗಲಲ್ಲಿ, ಕಾಗದದ ಮೇಲೆ, ಮೊಹರು ಒತ್ತಿ ಮಾಡಿತು. ಕೊಹಿನೂರನ್ನೇ ನೋಡಿ. ಅದನ್ನು ಯಾರೂ ಕಿಟಕಿ ಹಾರಿ ಕದಿಯಲಿಲ್ಲ. 1849ರ ಮಾರ್ಚ್‌ನಲ್ಲಿ ಬರೆಸಿಕೊಂಡ ಲಾಹೋರ್ ಒಪ್ಪಂದದ ಮೂರನೆಯ ಕಲಮು, ಲಾಹೋರಿನ ಮಹಾರಾಜರು ಆ ವಜ್ರವನ್ನು ಇಂಗ್ಲೆಂಡಿನ ರಾಣಿಗೆ ಒಪ್ಪಿಸಬೇಕೆಂದು ವಿಧಿಸಿತು. ಆಗ ಮಹಾರಾಜ ದುಲೀಪ್ ಸಿಂಗನಿಗೆ 10 ವರ್ಷ. ಸ್ಲೀಮನ್ ಠಗ್ಗರ ಮೇಲೆ ನಡೆಸಿದ ಕಾರ್ಯಾಚರಣೆಯ ಬೆನ್ನೆಲುಬು 1836ರ ಒಂದು ಕಾಯ್ದೆ: ನಿರ್ದಿಷ್ಟ ಅಪರಾಧ ಸಾಬೀತಾಗಬೇಕಿಲ್ಲ, ಠಗ್ಗರ ಗುಂಪಿಗೆ ಸೇರಿದವನೆಂದು ತೀರ್ಮಾನವಾದರೆ ಸಾಕು, ಜೀವಾವಧಿ ಶಿಕ್ಷೆ. ಇದೂ ಅಚ್ಚಾದ ಕಾನೂನು. ಒಬ್ಬ ಬಾಲಕನಿಂದ ಒಪ್ಪಂದದ ಮೂಲಕ ವಜ್ರ ಪಡೆದದ್ದು ಕಳ್ಳತನಕ್ಕಿಂತ ಹೆಚ್ಚು ಭಯ ಹುಟ್ಟಿಸುವ ಸಂಗತಿ, ಏಕೆಂದರೆ ಕಳ್ಳತನವಾದರೆ ದೂರು ಕೊಡಲು ಒಂದು ಕಚೇರಿಯಾದರೂ ಇರುತ್ತದೆ. ಇಷ್ಟನ್ನೆಲ್ಲ ಬದಿಗಿಟ್ಟು ಗುಪ್ತಸಂಘವೊಂದನ್ನು ಖಳನಾಗಿಸಿದಾಗ ಕಂಪನಿಯೇ ಪಾರಾಗುತ್ತದೆ. ಕೆಟ್ಟವರು ಸಂಘದ ನಾಲ್ಕು ಜನ, ಅವರು ಸತ್ತರೆ ಕೇಡೂ ಮುಗಿಯಿತು ಎಂಬ ಭಾವನೆ ಉಳಿಯುತ್ತದೆ. ಕಲಮು, ಕಾಯ್ದೆ, ಕಂದಾಯಗಳಿಗೆ ಆಟದಲ್ಲಿ ಜಾಗವೇ ಇಲ್ಲ.

ಬಾಗಲಕೋಟೆ ಜಿಲ್ಲೆಯ ಕೆರೂರಿನ ಸುತ್ತಲಿನ ಸೀಮೆಯ ಇತಿಹಾಸ ಗೊತ್ತಿದ್ದವರಿಗೆ ಈ ಕೊರತೆ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಇಲ್ಲಿಂದ ಉತ್ತರಕ್ಕೆ, ಅಂದಿನ ಮುಧೋಳ ಸಂಸ್ಥಾನಕ್ಕೆ ಸೇರಿದ್ದ ಹಲಗಲಿ. 1857ರಲ್ಲಿ ಹತಾರಗಳನ್ನು ಸರಕಾರಕ್ಕೆ ಒಪ್ಪಿಸಬೇಕೆಂಬ ಆಜ್ಞೆ ಬಂದಾಗ ಅಲ್ಲಿನ ಬೇಡರು ಕೊಡುವುದಿಲ್ಲ ಎಂದರು. ಬೇಟೆಯಿಂದ ಬದುಕುವವರಿಗೆ ಹತಾರವೆಂದರೆ ಅನ್ನ ಮತ್ತು ಮಾನ ಎರಡೂ. ಆ ಆಜ್ಞೆ ಗುಟ್ಟಿನದಲ್ಲ, ಎಲ್ಲರಿಗೂ ಗೊತ್ತಿದ್ದದ್ದು. ನವೆಂಬರಿನ ಕೊನೆಯಲ್ಲಿ ದಂಡು ಬಂತು, ಊರಿಗೆ ಬೆಂಕಿ ಬಿತ್ತು. ಹಿಡಿದವರಲ್ಲಿ ಹಲವರನ್ನು ಡಿಸೆಂಬರಿನಲ್ಲಿ ಗಲ್ಲಿಗೇರಿಸಿದರು. ಹಲಗಲಿಯ ಬೇಡರ ಲಾವಣಿ ಜನರ ಬಾಯಲ್ಲಿ ಉಳಿದು, ಜಾನ್ ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿಯೇ ಅದನ್ನು ಸಂಗ್ರಹಿಸಿ ಅಚ್ಚು ಹಾಕಿಸಿದ. ಲಾವಣಿ ಜಡಗ, ಹನುಮ, ಬಾಲರ ಧೈರ್ಯವನ್ನು ಹಾಡಿ ಸುಮ್ಮನಾಗುವುದಿಲ್ಲ. ಊರು ಸೂರೆಯಾದಾಗ ಮನೆಮನೆಯಿಂದ ಹೋದ ಉಪ್ಪು, ಎಣ್ಣೆ, ಅರಿಶಿನ, ಕೊಡಲಿ, ಕುಡದ ತನಕ ಲೆಕ್ಕ ಕೊಡುತ್ತದೆ. ಜಗಳ ಏಕೆ ಹುಟ್ಟಿತು, ಸೋತದ್ದಕ್ಕೆ ಯಾರು ಏನು ತೆತ್ತರು ಎಂಬೆರಡನ್ನೂ ಅದು ಮರೆಯುವುದಿಲ್ಲ. ಪಡುವಣಕ್ಕೆ ರಾಮದುರ್ಗದ ಕಡೆಯ ಸುರೇಬಾನದಲ್ಲಿ ನಡೆದದ್ದಂತೂ ಇಂಥ ಆಟಗಳ ಕಥೆಗಾರರು ಹುಡುಕಿಕೊಂಡು ಬರಬೇಕಾದ ಘಟನೆ. ನರಗುಂದದ ದೊರೆ ಬಾಬಾಸಾಹೇಬ ಭಾಸ್ಕರರಾವ್ ಭಾವೆಗೆ ಮಕ್ಕಳಿರಲಿಲ್ಲ. ದತ್ತು ತೆಗೆದುಕೊಳ್ಳಲು ಸರಕಾರ ಒಪ್ಪಲಿಲ್ಲ. 1858ರ ಮೇ 29ರ ರಾತ್ರಿ ಅವನು ತನ್ನ ಜನರೊಡನೆ ಸುರೇಬಾನದ ಬಿಡಾರದ ಮೇಲೆ ಬಿದ್ದು ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನನ್ನು ಕೊಂದ. ಮೂರ್ನಾಲ್ಕು ದಿನಗಳಲ್ಲಿ ಕೋಟೆ ಹೋಯಿತು, ಜೂನ್ 12ರಂದು ಬೆಳಗಾವಿಯಲ್ಲಿ ಅವನಿಗೆ ಗಲ್ಲಾಯಿತು. ಈ ಎರಡೂ ಕಡೆ ಕತ್ತಲು, ಕಾಡು, ಮರೆ ಇದ್ದದ್ದು ಆಳಿಸಿಕೊಂಡವರ ಪಾಲಿಗೆ. ಆಳುವವರಿಗೆ ಅಡಗುವ ಅಗತ್ಯವೇ ಬೀಳಲಿಲ್ಲ. ಕ್ರಾನಿಕಲ್ಸ್ ಆಟ ಅರ್ಬಾಜ್‌ನನ್ನು ಮರೆಯಲ್ಲಿ ನಿಲ್ಲಿಸಿದ್ದು ಸರಿ. ಅವನ ವೈರಿಯನ್ನೂ ಮರೆಯಲ್ಲಿ ನಿಲ್ಲಿಸಿದ್ದರಿಂದ, ಅವನು ಏಕೆ ಅಡಗಬೇಕಾಯಿತು ಎಂಬ ಕಾರಣವೇ ಅಳಿಸಿಹೋಯಿತು. ಸಿಕ್ಕಿಬಿದ್ದರೆ ಆಗುವ ನಷ್ಟವೂ ಅದರೊಡನೆ ಅಳಿಸಿಹೋಯಿತು. ಆಟದಲ್ಲಿ ಕಾವಲುಗಾರ ನೋಡಿದರೆ ಹೆಚ್ಚೆಂದರೆ ಆ ಹಂತವನ್ನು ಮತ್ತೆ ಆಡಬೇಕು. ಯಾರ ಮನೆಗೂ ಬೆಂಕಿ ಬೀಳುವುದಿಲ್ಲ.

ಇದೊಂದು ಸಣ್ಣ ಆಟ, ಚೀನಾ, ಭಾರತ, ರಷ್ಯಾ ಎಂಬ ಮೂರು ಕಂತುಗಳಲ್ಲಿ ಒಂದು, ಬಲಕ್ಕೂ ಎಡಕ್ಕೂ ಓಡುವ ಸರಳ ಚೌಕಟ್ಟಿನದು. ಅದರ ಮೇಲೆ ವಸಾಹತು ಇತಿಹಾಸದ ಭಾರವನ್ನೆಲ್ಲ ಹೇರಬಹುದೇ ಎಂದು ಕೇಳುವವರಿದ್ದಾರೆ. ಗುಪ್ತಸಂಘಗಳ ಕಾದಾಟ ಈ ಸರಣಿಯ ಮೂಲ ಕಲ್ಪನೆ, ಅದನ್ನು ಒಪ್ಪಿಯೇ ಆಟಕ್ಕೆ ಕೂರಬೇಕು ಎನ್ನುವವರೂ ಇದ್ದಾರೆ. ಎರಡಕ್ಕೂ ಉತ್ತರ ಅದೇ ಸರಣಿಯ ಒಳಗೇ ಇದೆ. 2013ರಲ್ಲಿ ಯೂಬಿಸಾಫ್ಟ್ ‘ಫ್ರೀಡಂ ಕ್ರೈ’ ಎಂಬ ಚಿಕ್ಕ ಆಟ ತಂದಿತು. ಕೆರಿಬಿಯನ್ನಿನ ಸಾನ್-ದೊಮಾಂಗ್, 18ನೆಯ ಶತಮಾನ. ನಾಯಕ ಅಡೆವಾಲೆ, ತಾನೂ ಒಂದು ಕಾಲಕ್ಕೆ ಗುಲಾಮನಾಗಿದ್ದವನು. ಅಲ್ಲಿಯೂ ಸಂಘಗಳಿವೆ, ಆದರೆ ಗುಲಾಮರ ಮಾರಾಟ ನಡುಬೀದಿಯಲ್ಲಿ ಹಗಲು ಹೊತ್ತಿನಲ್ಲಿ ನಡೆಯುತ್ತದೆ. ಕಬ್ಬಿನ ತೋಟಕ್ಕೆ ನುಸುಳಿ ಗುಲಾಮರನ್ನು ಬಿಡಿಸುವಾಗ ಆಟಗಾರ ಕಣ್ಣಿಗೆ ಬಿದ್ದು ಗಂಟೆ ಮೊಳಗಿತೋ, ಮೇಲ್ವಿಚಾರಕರು ಅಲ್ಲಿದ್ದ ಗುಲಾಮರನ್ನೇ ಕೊಲ್ಲತೊಡಗುತ್ತಾರೆ. ಒಂದೇ ಒಂದು ನಿಯಮ ಅಷ್ಟೇ. ಆದರೆ ಪೊದೆಯಲ್ಲಿ ಕೂತ ಆಟಗಾರನಿಗೆ ಅದರಿಂದ ತನ್ನ ಅಂಕಕ್ಕಿಂತ ತನ್ನಾಚೆಗಿನ ಜೀವಗಳ ಚಿಂತೆ ಹೆಚ್ಚಾಗುತ್ತದೆ. ಚಿಕ್ಕ ಆಟಕ್ಕೆ ಇದು ಸಾಧ್ಯ, ಗುಪ್ತಸಂಘಗಳನ್ನು ಇಟ್ಟುಕೊಂಡೂ ಸಾಧ್ಯ. ಇದಕ್ಕೆ ಹಣಕ್ಕಿಂತ ಹೆಚ್ಚು ಬೇಕಾದದ್ದು ಆ ಕಾಲದ ಜನ ಯಾವುದಕ್ಕೆ ಹೆದರಿದ್ದರು ಎಂದು ಕೇಳಿಕೊಳ್ಳುವ ಮನಸ್ಸು. ಮನರಂಜನೆಗೆ ಇದೆಲ್ಲ ಏಕೆ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ತೋಟದ ಆ ಹಂತ ಕ್ರಾನಿಕಲ್ಸಿನ ಯಾವ ಹಂತಕ್ಕಿಂತಲೂ ಹೆಚ್ಚು ಉಸಿರು ಬಿಗಿಹಿಡಿಸುತ್ತದೆ. ಇತಿಹಾಸ ಅಲ್ಲಿ ಆಟದ ರುಚಿಯನ್ನು ಕೆಡಿಸಲಿಲ್ಲ, ಹೆಚ್ಚಿಸಿತು.

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ಕಂಪನಿಗೂ ಗೂಢಚಾರರಿದ್ದರಲ್ಲ? ಇದ್ದರು. ಬರ್ನ್ಸ್ ಸ್ವತಃ 1832ರಲ್ಲಿ ಆ ಸೀಮೆಯ ಉಡುಪು ತೊಟ್ಟು ಕಾಬೂಲ್ ದಾಟಿ ಬುಖಾರಾದವರೆಗೆ ಹೋಗಿ, ದಾರಿ, ನದಿ, ದೊರೆಗಳ ವಿವರ ಕಲೆಹಾಕಿ ಬಂದವನು. ಈ ಆಟಕ್ಕೆ ಅವನಿಗಿಂತ ಒಳ್ಳೆಯ ಪಾತ್ರ ಸಿಗದು. ಆದರೆ ಊರಿಗೆ ಮರಳಿದ ಬರ್ನ್ಸ್ ಬಾಯಿ ಮುಚ್ಚಿಕೊಂಡಿರಲಿಲ್ಲ. 1834ರಲ್ಲಿ ಆ ಪ್ರವಾಸವನ್ನು ಪುಸ್ತಕ ಮಾಡಿದ, ಲಂಡನ್ನಿನಲ್ಲಿ ಹೆಸರು ಗಳಿಸಿದ. 1839ರಲ್ಲಿ ಕಂಪನಿಯ ಸೈನ್ಯ ಅಫ್ಘಾನಿಸ್ತಾನಕ್ಕೆ ನುಗ್ಗಿ ತನಗೆ ಬೇಕಾದ ದೊರೆಯನ್ನು ಗದ್ದುಗೆಗೇರಿಸಿತು. ಬರ್ನ್ಸ್ ಕಾಬೂಲಿನಲ್ಲಿ ಅಧಿಕಾರಿಯಾಗಿ ಎಲ್ಲರಿಗೂ ಗೊತ್ತಿದ್ದ ಮನೆಯಲ್ಲಿ ನೆಲೆಸಿದ. ಕ್ರಾನಿಕಲ್ಸ್ ನಡೆಯುವ ಅದೇ 1841ರ ನವೆಂಬರ್ 2ರಂದು ಅವನನ್ನು ಕೊಂದದ್ದು ಯಾವ ಗುಪ್ತಸಂಘವೂ ಅಲ್ಲ, ಬೆಳಗಿನಲ್ಲಿ ಆ ಮನೆಯ ಮುಂದೆ ನೆರೆದು ನುಗ್ಗಿದ ಕಾಬೂಲಿನ ಜನ.