ಮರಗಳ ಹೆಸರು ಕೇಳುತ್ತ ನಡೆದ ವುಲ್ವರೀನ್

ಕೆನಡಾದ ಉತ್ತರದ ಕಾಡುಗಳಲ್ಲಿ ಬಾಳಿದ ಕ್ರೀ ಜನರ ಕಥೆಗಳ ಬಗ್ಗೆ ಒಂದು ತೀರ್ಪು ಈಗ ಗಟ್ಟಿಯಾಗಿ ಬೇರೂರಿದೆ. ಹಿಮದ ನಾಡಿನಲ್ಲಿ ಜೀವ ಉಳಿಸಿಕೊಳ್ಳಲು ಹಿರಿಯರು ಮಕ್ಕಳಿಗೆ ಕಲಿಸಿದ ಪಾಠಗಳು ಅವು. ಕಥೆ ಎಂಬುದು ಕಹಿ ಮದ್ದಿಗೆ ಸವರಿದ ಬೆಲ್ಲ. ಹೊಗಳಿಕೆಯ ದನಿಯಲ್ಲೇ ಬರುವ ಈ ಮಾತು ನನ್ನನ್ನು ಕೆರಳಿಸುತ್ತದೆ. ಹಿಂದಿನವರು ಈ ಕಥೆಗಳನ್ನು ಬಾಲಿಶ ಎಂದು ತಳ್ಳಿದರು, ಈಗಿನವರು ಉಪಯುಕ್ತ ಎಂದು ಬೆನ್ನು ತಟ್ಟುತ್ತಿದ್ದಾರೆ. ಕಥೆಯನ್ನು ಕಥೆಯಾಗಿ ಕೇಳಿಸಿಕೊಳ್ಳುವ ವ್ಯವಧಾನ ಇಬ್ಬರಿಗೂ ಇಲ್ಲ.

ಬಾಲಿಶ ಎಂಬ ಮಾತಿಗೆ ವಿದ್ವತ್ತಿನ ಮುದ್ರೆ ಬಿದ್ದದ್ದು 1956ರಲ್ಲಿ ಬಂದ ಪಾಲ್ ರಾಡಿನ್‌ನ ‘ದಿ ಟ್ರಿಕ್‌ಸ್ಟರ್’ ಪುಸ್ತಕದಿಂದ. ಮೋಸ, ತುಂಟಾಟಗಳಲ್ಲೇ ಅಲೆಯುವ ನಾಯಕನೊಬ್ಬನ ಕಥೆಗಳು ಅದರಲ್ಲಿವೆ; ಅವು ವಿನ್ನಿಬೇಗೊ ಜನರವು, ಕ್ರೀ ಜನರವಲ್ಲ. ಜೊತೆಗಿದ್ದ ಮನಶ್ಶಾಸ್ತ್ರಜ್ಞ ಯೂಂಗ್‌ನ ಬರಹ ಈ ಪುಂಡ ನಾಯಕನಲ್ಲಿ ಇನ್ನೂ ಬಲಿಯದ ಮನಸ್ಸಿನ ಗುರುತು ಕಂಡಿತು. ಅಲ್ಲಿಂದ ಮುಂದೆ ಕ್ರೀ ಕಥೆಗಳ ಪುಂಡ ನಾಯಕ ವಿಸಕೇಚಾಕ್‌ನ ಹಣೆಗೂ ಅದೇ ಚೀಟಿ. ಪ್ರಳಯದ ನೀರಿನ ಮೇಲೆ ಕೂತು, ಮಸ್ಕ್‌ರ್‍ಯಾಟ್ ಎಂಬ ಪುಟ್ಟ ಪ್ರಾಣಿ ಮುಳುಗಿ ತಂದ ಒಂದು ಹಿಡಿ ಕೆಸರಿನಿಂದ ನೆಲವನ್ನು ಮತ್ತೆ ಮಾಡಿದವನು ಇವನೇ ಎಂಬುದನ್ನು ಯೂಂಗ್‌ನ ಮಾತನ್ನೇ ತಿರುಗಿಸಿ ಹೇಳುವವರು ಯಾಕೋ ಮರೆತುಬಿಡುತ್ತಾರೆ.

ನನ್ನ ನಿಷ್ಠೆ ಎಲ್ಲಿದೆ ಎಂದು ಮೊದಲೇ ಹೇಳಿಬಿಡುತ್ತೇನೆ. ಹಡ್ಸನ್ ಕೊಲ್ಲಿಯ ದಕ್ಷಿಣದ ಜೌಗುನಾಡಿನಲ್ಲಿ, ವಿನಿಸ್ಕ್ ಬಳಿ ಹುಟ್ಟಿದ ಒಮುಷ್ಕೆಗೊ ಕ್ರೀ ಕಥೆಗಾರ ಲೂಯಿಸ್ ಬರ್ಡ್ ನನ್ನ ಲೆಕ್ಕದಲ್ಲಿ ಆ ನೆಲದ ದೊಡ್ಡ ಸಾಹಿತಿ. ತನ್ನವರ ಮುದುಕ ಮುದುಕಿಯರ ಹಿಂದೆ ಟೇಪ್ ರೆಕಾರ್ಡರ್ ಹಿಡಿದು ಅಲೆದು, ಅವರ ದನಿಗಳು ಆರಿಹೋಗುವ ಮುನ್ನ ಕೂಡಿಟ್ಟವರು. 1986ರ ಮೇ ತಿಂಗಳಲ್ಲಿ ಹಿಮಗಡ್ಡೆ ಒಡೆದು ನುಗ್ಗಿದ ನದಿ ವಿನಿಸ್ಕ್ ಊರನ್ನೇ ಕೊಚ್ಚಿಹಾಕಿತು. ಜನ ನದಿಯ ಮೇಲ್ಭಾಗಕ್ಕೆ ಹೋಗಿ ಪಿಯಾವನಕ್ ಕಟ್ಟಿಕೊಂಡರು. ಬರ್ಡ್ ಹೇಳಿದ ಕಥೆಗಳ ಪುಸ್ತಕ ‘ಟೆಲ್ಲಿಂಗ್ ಅವರ್ ಸ್ಟೋರೀಸ್’ 2005ರಲ್ಲಿ ಬಂತು.

ಆ ಪುಸ್ತಕದ ದೈತ್ಯ ಸ್ಕಂಕ್‌ನ ಕಥೆ ನೋಡಿ. ಎಲ್ಲ ಪ್ರಾಣಿಗಳನ್ನೂ ಹೆದರಿಸಿಟ್ಟ, ದುರ್ನಾತದ ವಿಷ ಚಿಮ್ಮಿಸುವ ಪೆಡಂಭೂತ ಅದು. ಅದರ ಹಿಂಭಾಗವನ್ನು ಕಚ್ಚಿ ಹಿಡಿಯುವ ಹೊಣೆ ವುಲ್ವರೀನ್ ಎಂಬ ಪ್ರಾಣಿಯದು. ಶತ್ರು ಸಾಯುತ್ತದೆ, ಆದರೆ ವಿಷ ಮುಖಕ್ಕೆ ರಾಚಿ ವುಲ್ವರೀನ್ ಕುರುಡಾಗುತ್ತದೆ. ಕಣ್ಣು ತೊಳೆಯಲು ಕೊಲ್ಲಿಯ ನೀರು ಬೇಕು. ತಡವರಿಸುತ್ತ ಹೊರಟು, ಡಿಕ್ಕಿ ಹೊಡೆದ ಮರವನ್ನೆಲ್ಲ ಕೇಳುತ್ತದೆ: ನೀನು ಯಾವ ಮರ? ಒಳನಾಡಿನ ಮರ ಎಂದರೆ ದೂರ ಇನ್ನೂ ಇದೆ. ಕಡಲ ಬದಿಯ ವಿಲೋ ಎಂದರೆ ಹತ್ತಿರ ಬಂದಾಯಿತು. ಕೊನೆಗೆ ನೀರಿಗಿಳಿದು ತೊಳೆದುಕೊಂಡಿತು, ಅಂದಿನಿಂದ ಕೊಲ್ಲಿಯ ನೀರು ಕುಡಿಯಲಾಗದ್ದಾಯಿತು.

ಪಾಠದ ಪಕ್ಷದವರು ಇಲ್ಲಿ ಚಪ್ಪಾಳೆ ತಟ್ಟುತ್ತಾರೆ: ನೋಡಿ, ಮರ ನೋಡಿ ದಾರಿ ಹಿಡಿಯುವ ವಿದ್ಯೆ! ಹೌದು, ವಿದ್ಯೆ ಇದೆ. ಆದರೆ ಅದನ್ನು ಹೇಳಲು ಒಂದೇ ವಾಕ್ಯ ಸಾಕಿತ್ತು. ಕುರುಡಾದವನು ಬೇಕಿರಲಿಲ್ಲ, ಗುದ್ದಿಸಿಕೊಂಡೂ ಉತ್ತರ ಕೊಡುವ ಮರಗಳು ಬೇಕಿರಲಿಲ್ಲ. ಎಲ್ಲರನ್ನೂ ಕಾಪಾಡಿದವನು ಈಗ ಒಬ್ಬೊಬ್ಬರನ್ನೂ ಕೇಳಿಕೊಂಡು ನಡೆಯಬೇಕಾದ ಸ್ಥಿತಿ. ಅದೇ ಪ್ರಶ್ನೆ, ಪ್ರತಿ ಸಲ ಬೇರೆ ಉತ್ತರ, ಪ್ರತಿ ಉತ್ತರಕ್ಕೂ ಒಂದಿಷ್ಟು ಆಸೆ. ಪುನರುಕ್ತಿಯೇ ಇಲ್ಲಿ ಕಾಲವನ್ನೂ ದೂರವನ್ನೂ ಕಟ್ಟುತ್ತದೆ. ಇದಕ್ಕೆ ಶಿಲ್ಪ ಎನ್ನದೆ ಬೇರೇನು ಎನ್ನಬೇಕು?

ಇನ್ನು ಚಕಾಪೇಶ್. ಅಕ್ಕನ ಜೊತೆ ಬಾಳುವ, ಮಾತು ಕೇಳದ, ಅಪಾರ ಶಕ್ತಿಯ ಪುಟ್ಟ ಹುಡುಗ. ಯಾವುದೋ ಜಾಡು ಕಂಡು ಉರುಳು ಒಡ್ಡುತ್ತಾನೆ. ಜಾಡು ಸೂರ್ಯನದು. ಸೂರ್ಯ ಸಿಕ್ಕಿಬಿದ್ದು ಲೋಕವೆಲ್ಲ ಕತ್ತಲು, ಹತ್ತಿರ ಹೋದ ಪ್ರಾಣಿಗಳೆಲ್ಲ ಬೇಯುತ್ತವೆ. ಕೊನೆಗೆ ಯಾರೂ ಲೆಕ್ಕಕ್ಕಿಡದ ಸಣ್ಣ ಪ್ರಾಣಿಯೊಂದು ದಾರ ಕಡಿದು ಬಿಡಿಸುತ್ತದೆ. ಉರುಳು ಒಡ್ಡುವ ಕೌಶಲದಲ್ಲಿ ಹುಡುಗ ಒಂದಿಷ್ಟೂ ತಪ್ಪಿಲ್ಲ. ಜಾಡು ಸರಿಯಾಗಿ ಓದಿದ, ಉರುಳು ಸರಿಯಾಗಿ ಕಟ್ಟಿದ, ಬೇಟೆ ಬಿತ್ತು. ದಾರಿ ಯಾರದು ಎಂದು ಮಾತ್ರ ಕೇಳಲಿಲ್ಲ. ಬದುಕುಳಿಯುವ ಕೈಪಿಡಿ ತನ್ನದೇ ಕೌಶಲವನ್ನು ಹೀಗೆ ಕಟಕಟೆಗೆ ತಂದು ನಿಲ್ಲಿಸುವುದುಂಟೇ?

ಈ ಪ್ರಶ್ನೆ ಕಥೆಯೊಳಗಷ್ಟೇ ಇದ್ದದ್ದಲ್ಲ. ಕ್ವಿಬೆಕ್‌ನ ಮಿಸ್ಟಸ್ಸಿನಿ ಕಡೆಯ ಕ್ರೀ ಬೇಟೆಗಾರರ ಜೊತೆ ಕಾಡಿನಲ್ಲಿದ್ದು 1979ರಲ್ಲಿ ಪುಸ್ತಕ ಪ್ರಕಟಿಸಿದ ಏಡ್ರಿಯನ್ ಟ್ಯಾನರ್ ಅದನ್ನು ವಿವರವಾಗಿ ದಾಖಲಿಸಿದ್ದಾನೆ. ಬೀವರ್‌ನ ಮೂಳೆ ನಾಯಿಯ ಬಾಯಿಗೆ ಬೀಳಬಾರದು, ಕರಡಿಯ ತಲೆಬುರುಡೆಯನ್ನು ಮರಕ್ಕೆ ತೂಗಿಡಬೇಕು. ಪ್ರಾಣಿ ತನ್ನನ್ನು ತಾನೇ ಕೊಟ್ಟುಕೊಳ್ಳುತ್ತದೆ, ಮರ್ಯಾದೆ ತಪ್ಪಿದರೆ ಮುಂದೆ ಬರುವುದಿಲ್ಲ ಎಂಬ ನಂಬಿಕೆ. ಕೈಯ ಕೆಲಸ, ಮರ್ಯಾದೆ, ಕಥೆ ಮೂರನ್ನೂ ಬೇರೆ ಬೇರೆ ಕಪಾಟಿಗೆ ಹಾಕಿದ್ದು ನಾವು. ಪುರಾಣಕಾಲದ ಇಂಥ ಕಥೆಗಳನ್ನು ಚಳಿಗಾಲದಲ್ಲೇ ಹೇಳಬೇಕೆಂಬ ಕಟ್ಟಳೆಯೂ ಕ್ರೀ ಜನರಲ್ಲಿ ಹಲವೆಡೆ ಇತ್ತು. ಬರೀ ಪಾಠವಾಗಿದ್ದರೆ ಋತುವಿನ ಹಂಗೇಕೆ?

ನನ್ನ ಜಗಳ ನಿಜಕ್ಕೂ ರುಚಿಯದು. ಭಾಷಾಶಾಸ್ತ್ರದ ದಿಗ್ಗಜ ಲಿಯೊನಾರ್ಡ್ ಬ್ಲೂಮ್‌ಫೀಲ್ಡ್ 1925ರ ಬೇಸಗೆಯಲ್ಲಿ ಸಸ್ಕಾಚೆವಾನ್‌ನ ಸ್ವೀಟ್ ಗ್ರಾಸ್‌ನಲ್ಲಿ ಕೂತು, ಕಮಿಂಗ್-ಡೇ ಮುಂತಾದ ಕ್ರೀ ಕಥೆಗಾರರು ಹೇಳಿದ್ದನ್ನು ಕೈಯಲ್ಲಿ ಬರೆದುಕೊಂಡ, ಅದು 1930ರಲ್ಲಿ ಅಚ್ಚಾಯಿತು. ಆ ದುಡಿಮೆಗೆ ನಾನು ಕೈಮುಗಿಯುತ್ತೇನೆ. ಆದರೆ ಬರೆಯುವವನ ಕೈಗಾಗಿ ತಡೆದು ತಡೆದು ಹೇಳಿಸಿದ್ದು ‘ಪಠ್ಯ’ವಾಗಿ ನಿಲ್ಲುತ್ತದೆ, ಬರ್ಡ್ ತನ್ನದೇ ಓಟದಲ್ಲಿ, ಇಂಗ್ಲಿಷನ್ನೂ ತನ್ನ ಲಯಕ್ಕೆ ಬಗ್ಗಿಸಿಕೊಂಡು ಹೇಳಿದ್ದು ‘ಮಾಹಿತಿ’ಯಾಗುತ್ತದೆ. ಅಚ್ಚಿನ ಮೇಲಿನ ಈ ಕುರುಡು ಭಕ್ತಿ ನಮ್ಮಲ್ಲಿಲ್ಲವೇ? ಪಂಪನ ಪದ್ಯಕ್ಕೆ ಹಾಕುವ ಪ್ರಶ್ನೆಗಳನ್ನು ಮಂಟೇಸ್ವಾಮಿಯನ್ನು ಹಾಡುವ ನೀಲಗಾರರ ಸಾಲಿಗೆ ಹಾಕುವವರು ಎಷ್ಟು ಜನ? ಅದಕ್ಕೆ ‘ಜನಪದ ಸಂಸ್ಕೃತಿಯ ಕನ್ನಡಿ’ ಎಂಬ ಗೌರವ ಸಾಕೆಂದುಕೊಂಡಿದ್ದೇವೆ.

ಸಾಹಿತ್ಯ ಎಂದು ಒಪ್ಪಿದ ಮೇಲೆ ಮೇಲು ಕೀಳು ಹೇಳಲೂ ಅಂಜಬಾರದು. ವಿಸಕೇಚಾಕ್ ಬಾತುಗಳಿಗೆ ಕಣ್ಣು ಮುಚ್ಚಿ ಕುಣಿಯಲು ಹೇಳಿ ಒಂದೊಂದರ ಕತ್ತು ಹಿಸುಕುವ ಭಾಗ, ಕಣ್ಣು ತೆರೆದು ಕೂಗಿದ ಲೂನ್ ಹಕ್ಕಿ ಒದೆ ತಿಂದು ಪಾರಾಗುವವರೆಗೂ, ಉಸಿರು ಬಿಗಿಹಿಡಿಸುತ್ತದೆ. ಆಮೇಲೆ ಅವನು ನಿದ್ದೆಹೋಗಿ ಬೇಯಿಸಿದ ಬಾತುಗಳು ಕಳವಾಗುವ ಭಾಗ ನನಗೆ ಸಪ್ಪೆ, ಅಂಟಿಸಿದಂತೆ ಕಾಣುತ್ತದೆ. ವುಲ್ವರೀನ್‌ನ ನಡಿಗೆ ಅದಕ್ಕಿಂತ ಬಹಳ ಮೇಲು. ಚಕಾಪೇಶ್‌ನ ಉರುಳು ಎರಡಕ್ಕಿಂತಲೂ ಮೇಲು.