ಬರೆದಂತೆ ನುಡಿಸಿದರೆ ಸಾಕೇ?

ಸ್ವರಲಿಪಿಯನ್ನು ತಪ್ಪಿಲ್ಲದೆ ನುಡಿಸಿದರೆ ಬರೋಕ್ ಸಂಗೀತಕ್ಕೆ ನಿಷ್ಠರಾದಂತೆ ಎಂದು ಕಲಿಯುವವರು ನಂಬುತ್ತಾರೆ. ಫ್ರಾನ್ಸಿನ ಫ್ರಾಂಸ್ವಾ ಕೂಪೆರಾನ್ 1716ರಲ್ಲಿ ಪ್ರಕಟಿಸಿದ ಹಾರ್ಪ್ಸಿಕಾರ್ಡ್ ಕೈಪಿಡಿ ಆ ನಂಬಿಕೆಯನ್ನು ಅಲುಗಾಡಿಸುತ್ತದೆ. ಅಕ್ಕಪಕ್ಕದ ಸ್ವರಗಳು ಸಾಲಾಗಿ ಸಾಗುವಾಗ ಫ್ರೆಂಚರು ಅವನ್ನು ಸಮನಾಗಿ ಬರೆದು, ಒಂದನ್ನು ಉದ್ದ, ಮತ್ತೊಂದನ್ನು ಗಿಡ್ಡವಾಗಿ ನುಡಿಸುತ್ತಾರೆ ಎನ್ನುತ್ತಾನೆ ಆತ. ಅಲ್ಲಿ ಮೆಟ್ರೋನೋಮ್‌ನ ಸಮ ನಡೆ ಸಂಗೀತವನ್ನೇ ಕೊಲ್ಲುತ್ತದೆ.

ವಾದ್ಯದ ಗುಣವೂ ಗೊತ್ತಿರಬೇಕು. ಹಾರ್ಪ್ಸಿಕಾರ್ಡ್ ತಂತಿಯನ್ನು ಮೀಟುತ್ತದೆ. ಕೀಯನ್ನು ಗಟ್ಟಿಯಾಗಿ ಒತ್ತಿದರೂ ಸದ್ದು ಅಷ್ಟಾಗಿ ಹೆಚ್ಚದು. ಹಾಗಾಗಿ ಸ್ವರವನ್ನು ಯಾವಾಗ ಹಿಡಿದು ಯಾವಾಗ ಬಿಡುತ್ತೇವೆ ಎಂಬುದರಲ್ಲೇ ಭಾವವಿದೆ.

ಇದನ್ನೇ ಸೂತ್ರ ಮಾಡಿಕೊಂಡು ಎಲ್ಲ ಕೃತಿಗಳಿಗೂ ಹಚ್ಚಿದರೆ ಅದೂ ಯಾಂತ್ರಿಕವೇ. ಇಟಲಿಯವರು ನುಡಿಸುವಂತೆಯೇ ಬರೆಯುತ್ತಾರೆಂದು ಕೂಪೆರಾನನೇ ಹೇಳಿದ್ದಾನೆ. ಆದ್ದರಿಂದ ಅಭ್ಯಾಸಕ್ಕೆ ಮೊದಲು ಕೇಳಬೇಕಾದ ಪ್ರಶ್ನೆ ಇದು: ಬರೆದವನು ಯಾವ ನಾಡಿನವನು, ನುಡಿಸುವವನಿಗೆ ಗೊತ್ತಿದೆಯೆಂದು ಏನನ್ನು ಬರೆಯದೆ ಬಿಟ್ಟಿದ್ದಾನೆ?